ನಾವು ಪಟ್ಟ ಪಾಡು ಇನ್ನಾರಿಗೂ ಬೇಡ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯನ್ನು ನಾವೆಲ್ಲ ನಗುನಗುತ್ತಲೇ ಬಳಸುತ್ತೇವೆ. ಯೋಚಿಸಿ ನೋಡಿದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ. ಕಷ್ಟಪಟ್ಟ ಸೊಸೆ ಒಂದು ದಿನ ಅತ್ತೆಯಾಗುತ್ತಾಳೆ, ಬೀರುವಿನ ಕೀಲಿಕೈ ಅವಳ ಸೆರಗಿಗೆ ಬರುತ್ತದೆ. ಆಗ 'ನಾನು ಪಟ್ಟದ್ದನ್ನು ಇವಳೂ ಪಡಲಿ' ಎನ್ನುವವರಿದ್ದಾರೆ. 'ಇವಳು ನಾಳೆ ನನ್ನನ್ನೇ ಮನೆಯಿಂದ ಹೊರಗೆ ಹಾಕಿದರೆ' ಎಂಬ ಹೆದರಿಕೆಯಿಂದಲೇ ಬಿಗಿಯಾಗುವವರೂ ಇದ್ದಾರೆ. 'ನಾನು ಪಟ್ಟ ಪಾಡು ಇನ್ನಾರಿಗೂ ಬೇಡ' ಎನ್ನುವವರು ಕಡಿಮೆ, ಆದರೆ ಇಲ್ಲವೆಂದಿಲ್ಲ. ಈ ಮೂರೂ ಬಗೆಯವರನ್ನು ನಾವು ನಮ್ಮ ಬೀದಿಯಲ್ಲೇ ಕಂಡಿದ್ದೇವೆ. ನೋವು ತಾನಾಗಿ ಯಾರನ್ನೂ ಕರುಣಾಳುವಾಗಿ ಮಾಡುವುದಿಲ್ಲ. ನೋವಿನಿಂದ ಏನು ಕಲಿಯಬೇಕೆಂಬುದನ್ನು ಮನುಷ್ಯರೇ ಆರಿಸಿಕೊಳ್ಳಬೇಕು.

ಮನೆಯ ಮಟ್ಟಿಗೆ ನಿಜವಾದ ಈ ಮಾತು ದೊಡ್ಡ ದೊಡ್ಡ ಜನಾಂಗಗಳ ಮಟ್ಟಿಗೂ ನಿಜವೆಂದು ನನಗೆ ತೋರಿದ್ದು ಪಾಠ ಮಾಡುತ್ತ ಮಾಡುತ್ತ. ಹತ್ತನೆಯ ತರಗತಿಗೆ ಸಮಾಜ ವಿಜ್ಞಾನ ಹೇಳುವ ನನಗೆ ಪ್ರತಿ ವರ್ಷ ಹಿಟ್ಲರನ ಪಾಠ ಬಂದೇ ಬರುತ್ತದೆ. 60 ಲಕ್ಷ ಯಹೂದಿಗಳನ್ನು ಕೊಂದ ಕಥೆ ಹೇಳುವಾಗ ತುಂಟ ಹುಡುಗರೂ ಸುಮ್ಮನಾಗುತ್ತಾರೆ. 2023ರ ಕೊನೆಯಲ್ಲಿ, ಟೀವಿಯಲ್ಲಿ ದಿನವೂ ಗಾಜಾದ ಚಿತ್ರಗಳು ಬರುತ್ತಿದ್ದ ದಿನಗಳಲ್ಲಿ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ಅಷ್ಟು ಕಷ್ಟ ಅನುಭವಿಸಿದವರು ಇದನ್ನು ನೋಡಿಕೊಂಡು ಸುಮ್ಮನಿದ್ದಾರಾ?" ಎಂದು ಕೇಳಿದಳು. "ಎಲ್ಲರೂ ಸುಮ್ಮನಿಲ್ಲಮ್ಮ" ಎಂದೆ. ಮರುದಿನ ಆ ತರಗತಿಗೆ ಕೆಲವು ಹೆಂಗಸರ ಕಥೆ ಹೇಳಿದೆ. ಅದನ್ನೇ ನಿಮಗೂ ಹೇಳಬೇಕೆನಿಸಿದೆ.

ಮೊದಲು ಹಿನ್ನೆಲೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಯುರೋಪಿನಲ್ಲಿ ನೂರಾರು ವರ್ಷ ಊರಿಂದೂರಿಗೆ ಅಟ್ಟಿಸಿಕೊಂಡ ಯಹೂದಿಗಳು ತಮ್ಮದೆಂಬ ಒಂದು ನಾಡಿಗಾಗಿ ಹಂಬಲಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1948ರಲ್ಲಿ ಇಸ್ರೇಲ್ ಹುಟ್ಟಿತು. ಆದರೆ ಆ ನೆಲದಲ್ಲಿ ಆಗಲೇ ಜನ ಬಾಳುತ್ತಿದ್ದರು. ಆಗಿನ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡು ನಿರಾಶ್ರಿತರಾದರು. ನಾಲ್ಕು ದಿನ ಬಿಟ್ಟು ಬಂದರಾಯಿತೆಂದು ಬೀಗ ಹಾಕಿ ಹೊರಟವರ ಮನೆಗಳ ಕೀಲಿಕೈಗಳು ಇಂದಿಗೂ ಎಷ್ಟೋ ಕುಟುಂಬಗಳಲ್ಲಿವೆ. 1967ರ ಆರು ದಿನಗಳ ಯುದ್ಧದಲ್ಲಿ ಪಶ್ಚಿಮ ದಂಡೆ ಮತ್ತು ಗಾಜಾ ಕೂಡ ಇಸ್ರೇಲಿ ಸೇನೆಯ ವಶವಾದವು. ಇಪ್ಪತ್ತು ವರ್ಷ ಸೇನೆಯ ಆಳ್ವಿಕೆಯಲ್ಲಿ ಬದುಕಿದ ಜನ 1987ರ ಡಿಸೆಂಬರಿನಲ್ಲಿ ದಂಗೆಯೆದ್ದರು. ಇಂತಿಫಾದಾ ಎಂದು ಅದಕ್ಕೆ ಹೆಸರು. ಕಲ್ಲು ಹಿಡಿದ ಹುಡುಗರು ಒಂದು ಕಡೆ, ಬಂದೂಕು ಹಿಡಿದ ಸೈನಿಕರು ಇನ್ನೊಂದು ಕಡೆ. ಆ ಸೈನಿಕರೂ ಹದಿನೆಂಟು ಇಪ್ಪತ್ತರ ಹುಡುಗರೇ. ಇಸ್ರೇಲಿನಲ್ಲಿ ಸೇನೆಯ ಕೆಲಸ ಕಡ್ಡಾಯವಾದ್ದರಿಂದ ಬಹುಪಾಲು ಯಹೂದಿ ಮನೆಗಳಿಂದ ಒಬ್ಬ ಮಗನೋ ಮಗಳೋ ಅಲ್ಲಿರುತ್ತಾರೆ.

ದಂಗೆ ಶುರುವಾಗಿ ಒಂದು ತಿಂಗಳಾಗಿತ್ತು. 1988ರ ಜನವರಿಯಲ್ಲಿ, ಪಶ್ಚಿಮ ಜೆರುಸಲೇಮಿನ ಒಂದು ಚೌಕದಲ್ಲಿ ಕೆಲವು ಯಹೂದಿ ಹೆಂಗಸರು ಕಪ್ಪು ಬಟ್ಟೆ ಉಟ್ಟು ಬಂದು ನಿಂತರು. ಘೋಷಣೆಯಿಲ್ಲ, ಭಾಷಣವಿಲ್ಲ. ಕೈಯಲ್ಲಿ ಹಸ್ತದ ಆಕಾರದ ಕಪ್ಪು ಫಲಕ, ಅದರ ಮೇಲೆ ಬಿಳಿಯ ಅಕ್ಷರಗಳಲ್ಲಿ 'ಆಕ್ರಮಣ ನಿಲ್ಲಿಸಿ' ಎಂಬಷ್ಟೇ ಮಾತು. ಅಂದಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ಒಂದರಿಂದ ಎರಡು ಗಂಟೆಯವರೆಗೆ ಹೀಗೆ ನಿಲ್ಲುವುದು ರೂಢಿಯಾಯಿತು. 'ವಿಮೆನ್ ಇನ್ ಬ್ಲ್ಯಾಕ್' ಎಂದು, ಅಂದರೆ ಕಪ್ಪುಡುಗೆಯ ಹೆಂಗಸರೆಂದು, ಅವರಿಗೆ ಹೆಸರು ಬಿತ್ತು.

ಆ ಶುಕ್ರವಾರದ ಮಧ್ಯಾಹ್ನ ಎಂಬ ಮಾತನ್ನು ನಾವು ಹೆಂಗಸರು ಸ್ವಲ್ಪ ನಿಂತು ನೋಡಬೇಕು. ಯಹೂದಿಗಳಿಗೆ ಶುಕ್ರವಾರ ಹೊತ್ತು ಮುಳುಗಿದರೆ ಸಬ್ಬತ್. ಸಂಪ್ರದಾಯಸ್ಥರ ಮನೆಗಳಲ್ಲಿ ಆಮೇಲೆ ಒಲೆ ಹಚ್ಚುವಂತಿಲ್ಲ. ಸಂತೆ, ಅಡಿಗೆ, ಮನೆ ಚೊಕ್ಕಟ ಮಾಡುವುದು, ಎಲ್ಲವೂ ಕತ್ತಲಾಗುವುದರೊಳಗೆ ಮುಗಿಯಬೇಕು. ನಮ್ಮಲ್ಲಿ ಗೌರಿಹಬ್ಬದ ಹಿಂದಿನ ದಿನ ಮಧ್ಯಾಹ್ನ ಹೇಗಿರುತ್ತದೋ ಅಲ್ಲಿ ವಾರವಾರವೂ ಹಾಗೆ. ಊರಿನವರೆಲ್ಲ ಚೀಲ ಹಿಡಿದು ಓಡಾಡುವ ಆ ಹೊತ್ತಿನಲ್ಲಿಯೇ ಇವರು ಕೆಲಸ ಬಿಟ್ಟು ಬಂದು ಬಿಸಿಲಿನಲ್ಲಿ ನಿಲ್ಲುತ್ತಿದ್ದರು. ಹಾದುಹೋಗುವವರು ಕಾರಿನ ಕಿಟಕಿಯಿಂದ ತಲೆ ಹಾಕಿ ಬೈಯುತ್ತಿದ್ದರು. ದೇಶದ್ರೋಹಿಗಳು ಎಂಬುದು ಒಂದು ಬೈಗುಳ. ಇನ್ನೊಂದು ಯಾವುದೆಂದು ಹೇಳಬೇಕಾಗಿಲ್ಲ. ಹೆಂಗಸು ಬೀದಿಗೆ ಬಂದು ಮಾತಾಡಿದರೆ ಜೆರುಸಲೇಮೇ ಆಗಲಿ ನಮ್ಮ ತಾಲ್ಲೂಕು ಕೇಂದ್ರವೇ ಆಗಲಿ, ಮೊದಲು ಬರುವುದು ಅವಳ ನಡತೆಯ ಮೇಲಿನ ಮಾತೇ. ಅವರು ತಿರುಗಿ ಬೈಯುತ್ತಿರಲಿಲ್ಲ. ಒಂದು ಗಂಟೆ ಮುಗಿದ ಮೇಲೆ ಫಲಕ ಮಡಿಚಿಕೊಂಡು ಮನೆಗೆ ಹೋಗುತ್ತಿದ್ದರು. ಇದನ್ನು ನೋಡಿ ಇಸ್ರೇಲಿನ ಬೇರೆ ಬೇರೆ ಊರುಗಳಲ್ಲೂ ಹೆಂಗಸರು ನಿಂತರು. ಕೆಲವು ಕಡೆ ಇಸ್ರೇಲಿನೊಳಗಿನ ಪ್ಯಾಲೆಸ್ಟೀನಿ ಹೆಂಗಸರೂ ಅವರ ಪಕ್ಕಕ್ಕೆ ಬಂದು ನಿಂತರು.

ಎರಡನೆಯ ಕಥೆ ಆರ್ನಾ ಮೆರ್-ಖಮೀಸ್ ಅವರದು. ಶಿಕ್ಷಕಿಯಾದ ನನಗೆ ಬಹಳ ಹತ್ತಿರವೆನಿಸುವವರು ಇವರೇ. 1929ರಲ್ಲಿ ಯಹೂದಿ ಕುಟುಂಬದಲ್ಲಿ, ಮಲೇರಿಯಾ ಸಂಶೋಧನೆಗೆ ಹೆಸರಾದ ವೈದ್ಯರೊಬ್ಬರ ಮಗಳಾಗಿ ಹುಟ್ಟಿದರು. 1948ರ ಯುದ್ಧದಲ್ಲಿ ಯಹೂದಿ ಪಡೆಯಲ್ಲಿ ತಾವೂ ಇದ್ದರು. ಆಮೇಲೆ ಅವರ ಮನಸ್ಸು ತಿರುಗಿತು. ಕಮ್ಯುನಿಸ್ಟ್ ಪಕ್ಷ ಸೇರಿದರು, ಸಲೀಬಾ ಖಮೀಸ್ ಎಂಬ ಪ್ಯಾಲೆಸ್ಟೀನಿ ಕ್ರೈಸ್ತರನ್ನು ಮದುವೆಯಾದರು. ಆ ಕಾಲದಲ್ಲಿ ಆ ನೆಲದಲ್ಲಿ ಅಂಥ ಮದುವೆಯೆಂದರೆ ಎರಡೂ ಕಡೆಯ ನಂಟರ ಮನೆಗಳ ಬಾಗಿಲು ಎಷ್ಟು ಸುಲಭವಾಗಿ ಮುಚ್ಚಿಕೊಂಡಿರಬಹುದೆಂದು ನಾವು ಊಹಿಸಬಹುದು.

ಇಂತಿಫಾದಾ ಶುರುವಾದ ಮೇಲೆ, 1988ರ ಫೆಬ್ರವರಿಯಿಂದ ಇಸ್ರೇಲಿ ಸೇನೆ ಪಶ್ಚಿಮ ದಂಡೆಯ ಶಾಲೆಗಳನ್ನು ತಿಂಗಳುಗಟ್ಟಲೆ ಮುಚ್ಚಿಸಿತು. ಸುಮಾರು 3 ಲಕ್ಷ ಮಕ್ಕಳು ಪಾಠವಿಲ್ಲದೆ ಕುಳಿತರು. ತಾಯಂದಿರೂ ಮೇಷ್ಟ್ರುಗಳೂ ಮನೆಯ ಪಡಸಾಲೆಯಲ್ಲಿ, ಮಸೀದಿಯಲ್ಲಿ, ಚರ್ಚಿನಲ್ಲಿ ಗುಟ್ಟಾಗಿ ಪಾಠ ಶುರುಮಾಡಿದರೆ ಅದೂ ಕಾನೂನಿಗೆ ವಿರುದ್ಧವೆಂದಾಯಿತು. ಶಾಲೆಗೆ ಬೀಗ ಬೀಳುವುದೆಂದರೇನೆಂದು ಕೋವಿಡ್ ಕಾಲದಲ್ಲಿ ನಾವೂ ಕಂಡಿದ್ದೇವೆ. ಆಗ ಓದಲು ಬರುತ್ತಿದ್ದ ಮಕ್ಕಳು ಒತ್ತಕ್ಷರ ಮರೆತಿದ್ದರು, ಮಗ್ಗಿ ಮರೆತಿದ್ದರು. ಆದರೆ ನಮಗೆ ಬೀಗ ಹಾಕಿಸಿದ್ದು ರೋಗ. 2020ರಲ್ಲಿ ನಮ್ಮ ಸರ್ಕಾರವೇ 'ವಿದ್ಯಾಗಮ' ಎಂದು ಹೆಸರಿಟ್ಟು, ದೇವಸ್ಥಾನದ ಜಗುಲಿಯ ಮೇಲಾದರೂ ಸರಿ, ಮರದ ಕೆಳಗಾದರೂ ಸರಿ, ಮಕ್ಕಳಿರುವಲ್ಲಿಗೇ ಹೋಗಿ ಪಾಠ ಹೇಳಿ ಎಂದು ನಮ್ಮನ್ನು ಕಳಿಸಿತು. ಜಗುಲಿಯ ಮೇಲೆ ಪಾಠ ಹೇಳುವುದೇ ಅಪರಾಧವಾದರೆ ಹೇಗೆಂದು ಯೋಚಿಸಿದಾಗಲೇ ನನಗೆ ಆರ್ನಾ ಅವರ ಕೆಲಸ ಅರ್ಥವಾದದ್ದು.

ಅರುವತ್ತರ ಹತ್ತಿರದ ಈ ಯಹೂದಿ ಹೆಂಗಸು ಜೆನಿನ್ ಎಂಬ ಊರಿಗೆ, ಅಲ್ಲಿನ ನಿರಾಶ್ರಿತರ ಶಿಬಿರಕ್ಕೆ ಹೋಗತೊಡಗಿದರು. ಬೀದಿಯಲ್ಲಿ ಕಾಗದ, ಬಣ್ಣ ಹರಡಿ ಮಕ್ಕಳನ್ನು ಕೂರಿಸಿಕೊಂಡರು. ಆಮೇಲೆ ಮಕ್ಕಳ ಮನೆಗಳೆಂಬ ಕಲಿಕೆಯ ಕೇಂದ್ರಗಳನ್ನು ತೆರೆದರು. ಮೊದಮೊದಲು ಶಿಬಿರದವರು ಅನುಮಾನಿಸಿದರೆ ತಪ್ಪಲ್ಲ. ಅವರ ಮಟ್ಟಿಗೆ ಯಹೂದಿ ಎಂದರೆ ಸಮವಸ್ತ್ರ ತೊಟ್ಟು ಬಾಗಿಲು ಒದೆಯುವವನು. ವರ್ಷಗಳು ಕಳೆದಂತೆ ಶಿಬಿರದ ಮನೆಗಳು ಅವರಿಗೆ ತೆರೆದವು. 1993ರಲ್ಲಿ ಪರ್ಯಾಯ ನೊಬೆಲ್ ಎಂದು ಕರೆಯುವ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ಆ ಹಣದಿಂದ ಶಿಬಿರದಲ್ಲೇ ಮಕ್ಕಳಿಗೊಂದು ನಾಟಕಶಾಲೆ ಮಾಡಿದರು. ಕ್ಯಾನ್ಸರ್ ಚಿಕಿತ್ಸೆಯಿಂದ ಬೋಳಾದ ತಲೆಗೆ ಪ್ಯಾಲೆಸ್ಟೀನಿ ರುಮಾಲು ಸುತ್ತಿಕೊಂಡೇ ಕೊನೆಯ ದಿನಗಳಲ್ಲೂ ಓಡಾಡಿ, 1995ರಲ್ಲಿ ತೀರಿಕೊಂಡರು.

ಇಲ್ಲಿಗೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಇತಿಹಾಸ ಹೇಳುವವರು ಮುಂದಿನದನ್ನೂ ಹೇಳಬೇಕು. ಆ ನಾಟಕಶಾಲೆಯಲ್ಲಿ ಬೆಳೆದ ಹುಡುಗರಲ್ಲಿ ಕೆಲವರು 2000ದಲ್ಲಿ ಎರಡನೆಯ ದಂಗೆ ಎದ್ದಾಗ ಬಂದೂಕು ಹಿಡಿದರು. ಒಬ್ಬ 2001ರಲ್ಲಿ ಹದೇರಾ ಎಂಬ ಇಸ್ರೇಲಿ ಊರಿಗೆ ಹೋಗಿ ಗುಂಡು ಹಾರಿಸಿದ. ಆ ದಾಳಿಯಲ್ಲಿ ನಾಲ್ವರು ಹೆಂಗಸರು ಸತ್ತರು, ಅವನೂ ಸತ್ತ. 2002ರ ಏಪ್ರಿಲಿನಲ್ಲಿ ಸೇನೆ ಜೆನಿನ್ ಶಿಬಿರಕ್ಕೆ ನುಗ್ಗಿದಾಗ ಇನ್ನು ಕೆಲವರು ಹೋರಾಡಿ ಮಡಿದರು. ನಾಟಕಶಾಲೆಯೂ ನೆಲಸಮವಾಯಿತು. ಆರ್ನಾ ಅವರ ಮಗ ಜೂಲಿಯಾನೋ, ತಾಯಿಯ ಕೈಯಲ್ಲಿ ಬಣ್ಣ ಹಚ್ಚಿಸಿಕೊಂಡ ಆ ಮಕ್ಕಳು ಏನಾದರೆಂದು ಹುಡುಕಿ ಹೋಗಿ 'ಆರ್ನಾಳ ಮಕ್ಕಳು' ಎಂಬ ಚಲನಚಿತ್ರ ಮಾಡಿದರು. 2006ರಲ್ಲಿ ಅದೇ ಶಿಬಿರದಲ್ಲಿ ಗೆಳೆಯರೊಡನೆ 'ಫ್ರೀಡಂ ಥಿಯೇಟರ್' ಕಟ್ಟಿದರು. 2011ರ ಏಪ್ರಿಲಿನಲ್ಲಿ ಆ ನಾಟಕಶಾಲೆಯ ಹತ್ತಿರವೇ ಮುಸುಕುಧಾರಿಯೊಬ್ಬ ಅವರನ್ನು ಗುಂಡಿಟ್ಟು ಕೊಂದ.

ಹಾಗಾದರೆ ಆರ್ನಾ ಮಾಡಿದ್ದೆಲ್ಲ ವ್ಯರ್ಥವೇ? ನಾನು ಬಹಳ ದಿನ ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ತಿರುಗಿದೆ. ಮೂವತ್ತು ವರ್ಷ ಪಾಠ ಮಾಡಿದವಳಾಗಿ ಒಂದು ಮಾತು ಹೇಳಬಲ್ಲೆ. ಮಕ್ಕಳಿಗೆ ಅಕ್ಷರ ಕೊಡಬಹುದು, ಆಟ ಕೊಡಬಹುದು. ಅವರ ಊರಿನ ಗಾಳಿಯನ್ನು ಬದಲಿಸುವುದು ಒಬ್ಬ ಟೀಚರ್ ಕೈಲಿಲ್ಲ. ಮನೆ ಬೀಳುತ್ತಿದ್ದರೆ, ಅಣ್ಣ ಜೈಲಿನಲ್ಲಿದ್ದರೆ, ಬಣ್ಣದ ಡಬ್ಬಿಯೊಂದೇ ಎಷ್ಟು ದಿನ ತಡೆದೀತು? ಹದೇರಾದಲ್ಲಿ ಸತ್ತ ನಾಲ್ವರು ಹೆಂಗಸರ ಮನೆಯವರಿಗೆ ಈ ಸಮಾಧಾನ ಸಾಲದು, ಸಾಲಲೂ ಬಾರದು. ಆದರೂ ಆ ಮಕ್ಕಳು ಬಾಳಿನಲ್ಲಿ ಕಂಡ ಯಹೂದಿಗಳಲ್ಲಿ ಒಬ್ಬರಾದರೂ ಬಂದೂಕಿಲ್ಲದೆ, ಕಾಗದ ಹಿಡಿದು ಬಂದವರಿದ್ದರು. ಅದು ಸಣ್ಣ ಸಂಗತಿಯಲ್ಲ.

ಮೂರನೆಯವರು ಹೆಡಿ ಎಪ್‌ಸ್ಟೈನ್. 1924ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. 1938ರ ನವೆಂಬರಿನಲ್ಲಿ ನಾಜಿಗಳು ದೇಶದಾದ್ಯಂತ ಯಹೂದಿಗಳ ಅಂಗಡಿ, ಪ್ರಾರ್ಥನಾಮಂದಿರಗಳನ್ನು ಒಡೆದು ಸುಟ್ಟರಷ್ಟೆ. ಆ ದಿನ ಹದಿನಾಲ್ಕರ ಈ ಹುಡುಗಿಯನ್ನು ಶಾಲೆಯ ಮುಖ್ಯೋಪಾಧ್ಯಾಯನೇ ಯಹೂದಿ ಎಂಬ ಕಾರಣಕ್ಕೆ ಬೈದು ತರಗತಿಯಿಂದ ಹೊರಗೆ ಹಾಕಿದ. ಮರುವರ್ಷ, ಯಹೂದಿ ಮಕ್ಕಳನ್ನು ಇಂಗ್ಲೆಂಡಿಗೆ ಸಾಗಿಸುವ ರೈಲಿನಲ್ಲಿ ತಾಯಿತಂದೆ ಆಕೆಯನ್ನು ಒಬ್ಬಳನ್ನೇ ಕಳಿಸಿಕೊಟ್ಟರು. ಅದೇ ಕೊನೆ. 1942ರಲ್ಲಿ ಅವರನ್ನು ಆಶ್ವಿಟ್ಜ್‌ಗೆ ಸಾಗಿಸಲಾಯಿತು. ಯುದ್ಧ ಮುಗಿದ ಮೇಲೆ ಹೆಡಿ ಜರ್ಮನಿಗೆ ಮರಳಿ, ನ್ಯೂರೆಂಬರ್ಗಿನಲ್ಲಿ ನಾಜಿ ವೈದ್ಯರ ವಿಚಾರಣೆಗೆ ದಾಖಲೆ ಹುಡುಕುವ ಕೆಲಸ ಮಾಡಿದರು. 1948ರಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದರು.

1982ರಲ್ಲಿ ಲೆಬನಾನಿನ ಸಾಬ್ರಾ ಮತ್ತು ಶತೀಲಾ ಎಂಬಲ್ಲಿ ಪ್ಯಾಲೆಸ್ಟೀನಿ ನಿರಾಶ್ರಿತರ ಕಗ್ಗೊಲೆಯಾಯಿತು. ಕೊಂದವರು ಲೆಬನಾನಿನ ಕ್ರೈಸ್ತ ಪಡೆಯವರು, ಸುತ್ತುವರಿದು ನಿಂತಿದ್ದದ್ದು ಇಸ್ರೇಲಿ ಸೇನೆ. ಆ ಸುದ್ದಿ ಕೇಳಿದ ಮೇಲೆ ಹೆಡಿ ಪ್ಯಾಲೆಸ್ಟೀನಿಯರ ಬಗ್ಗೆ ತಿಳಿಯತೊಡಗಿದರು. 2003ರಲ್ಲಿ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಮೊದಲ ಬಾರಿ ಪಶ್ಚಿಮ ದಂಡೆಗೆ ಹೋದರು. ಮತ್ತೆ ಮತ್ತೆ ಹೋದರು.

ಈ ನಡುವೆ 2007ರಲ್ಲಿ ಹಮಾಸ್ ಗಾಜಾದ ಅಧಿಕಾರ ಹಿಡಿದಿತ್ತು. ಇಸ್ರೇಲ್ ಗಾಜಾಕ್ಕೆ ದಿಗ್ಬಂಧನ ಹಾಕಿತು, ಈಜಿಪ್ಟ್ ಕೂಡ ತನ್ನ ಕಡೆಯ ಗಡಿ ಮುಚ್ಚಿತು. ಗಾಜಾ ಎಂದರೆ ಎಷ್ಟು ದೊಡ್ಡದು? 365 ಚದರ ಕಿಲೋಮೀಟರ್, ನಮ್ಮ ಬೆಂಗಳೂರು ನಗರದ ಸುಮಾರು ಅರ್ಧ. ಅಷ್ಟರಲ್ಲಿ 20 ಲಕ್ಷದಷ್ಟು ಜನ, ಅವರಲ್ಲಿ ಸುಮಾರು ಅರ್ಧ ಮಕ್ಕಳು. ಸಿಮೆಂಟು, ಇಂಧನ, ಔಷಧಿ, ಯಾವುದು ಎಷ್ಟು ಒಳಗೆ ಹೋಗಬೇಕೆಂದು ಹೊರಗಿನವರು ತೀರ್ಮಾನಿಸುವುದು. ಕ್ಯಾನ್ಸರ್ ರೋಗಿಯೂ ಅನುಮತಿ ಚೀಟಿಗಾಗಿ ಕಾಯುವುದು. 2009ರ ಡಿಸೆಂಬರಿನಲ್ಲಿ ಇದನ್ನು ವಿರೋಧಿಸಿ ಹಲವು ದೇಶಗಳ ಸಾವಿರಕ್ಕೂ ಹೆಚ್ಚು ಜನ ಗಾಜಾಕ್ಕೆ ನಡೆದುಹೋಗಲು ಕೈರೋದಲ್ಲಿ ಸೇರಿದರು. ಈಜಿಪ್ಟ್ ಸರ್ಕಾರ ತಡೆಯಿತು. ಎಂಬತ್ತೈದರ ಹೆಡಿ ಅಲ್ಲಿಯೇ ಉಪವಾಸ ಕುಳಿತರು. ಮರುವರ್ಷ ಸೆಪ್ಟೆಂಬರಿನಲ್ಲಿ 'ಐರೀನ್' ಎಂಬ ಸಣ್ಣ ದೋಣಿಯಲ್ಲಿ ಬೇರೆ ಕೆಲವು ಯಹೂದಿಗಳು ಸೈಪ್ರಸ್‌ನಿಂದ ಗಾಜಾದತ್ತ ಹೊರಟರು. ನಾಜಿಗಳಿಂದ ಪಾರಾದ ಎಂಬತ್ತು ದಾಟಿದ ಮುದುಕರೊಬ್ಬರು ಅದರಲ್ಲಿದ್ದರು. 1997ರ ಆತ್ಮಹತ್ಯಾ ಬಾಂಬ್ ದಾಳಿಯಲ್ಲಿ ಮಗಳನ್ನು ಕಳೆದುಕೊಂಡ ರಾಮಿ ಎಲ್ಹನಾನ್ ಎಂಬ ತಂದೆಯೂ ಇದ್ದರು. ಆಟದ ಸಾಮಾನು, ಪುಸ್ತಕ, ವೈದ್ಯಕೀಯ ಸಲಕರಣೆ ತುಂಬಿದ್ದ ಆ ದೋಣಿಯನ್ನು ಇಸ್ರೇಲಿ ನೌಕಾಪಡೆ ದಾರಿಯಲ್ಲೇ ಹಿಡಿಯಿತು. ಹೆಡಿ 2016ರಲ್ಲಿ ತೀರಿಕೊಂಡರು.

ಇಬ್ಬರ ದುಃಖವನ್ನು ತಕ್ಕಡಿಯಲ್ಲಿಟ್ಟು ತೂಗುವುದು ನನ್ನ ಉದ್ದೇಶವಲ್ಲ. ಆಶ್ವಿಟ್ಜ್ ಆಶ್ವಿಟ್ಜೇ, ಗಾಜಾ ಗಾಜಾವೇ. 'ಇನ್ನೊಮ್ಮೆ ನಮಗೆ ಹೀಗಾಗಬಾರದು' ಎನ್ನುವ ಯಹೂದಿಗಳ ಹೆದರಿಕೆ ಸುಳ್ಳಲ್ಲ. ತಾಯಿತಂದೆಯನ್ನು ಕಳೆದುಕೊಂಡ ಹೆಡಿ ಅವರಿಗೂ ಆ ಹೆದರಿಕೆಗೆ ಪೂರಾ ಹಕ್ಕಿತ್ತು. ಆದರೆ 'ನಮಗೆ' ಎಂಬ ಒಂದು ಮಾತನ್ನು ತೆಗೆದು ಅಲ್ಲಿ 'ಯಾರಿಗೂ' ಎಂದು ಇಟ್ಟುಕೊಂಡರು. ಅವರ ಬಾಳಿನ ಕೆಲಸವೆಲ್ಲ ಈ ಒಂದು ತಿದ್ದುಪಡಿಯಲ್ಲಿದೆ.

ನಾಲ್ಕನೆಯ ಕಥೆ ಹೇಳುವಾಗ ತರಗತಿಯಲ್ಲಿ ನನ್ನ ದನಿ ಸ್ವಲ್ಪ ನಡುಗಿತು. ವಿವಿಯನ್ ಸಿಲ್ವರ್ ಕೆನಡಾದಲ್ಲಿ ಹುಟ್ಟಿ ಇಸ್ರೇಲಿಗೆ ಬಂದು, ಗಾಜಾದ ಗಡಿಗೆ ಹತ್ತಿರದ ಬೇರಿ ಎಂಬ ಹಳ್ಳಿಯಲ್ಲಿದ್ದವರು. ಗಾಜಾದಿಂದ ಚಿಕಿತ್ಸೆಗೆ ಬರುವ ರೋಗಿಗಳನ್ನು ಗಡಿಯಿಂದ ಇಸ್ರೇಲಿನ ಆಸ್ಪತ್ರೆಗಳಿಗೆ ತಮ್ಮ ಕಾರಿನಲ್ಲಿ ಕರೆದೊಯ್ಯುತ್ತಿದ್ದರು. 2014ರ ಗಾಜಾ ಯುದ್ಧದ ನಂತರ 'ವಿಮೆನ್ ವೇಜ್ ಪೀಸ್' ಎಂಬ ಹೆಂಗಸರ ಸಂಘಟನೆ ಕಟ್ಟಿದವರಲ್ಲಿ ಒಬ್ಬರು. 2023ರ ಅಕ್ಟೋಬರ್ 4ರಂದು ಆ ಸಂಘಟನೆಯ ಹೆಂಗಸರೂ ಪ್ಯಾಲೆಸ್ಟೀನಿ ಹೆಂಗಸರ ಒಂದು ಸಂಘಟನೆಯವರೂ ಸೇರಿ ಶಾಂತಿಗಾಗಿ ಸಭೆ ನಡೆಸಿದರು. ಮೂರು ದಿನ ಕಳೆದು, ಅಕ್ಟೋಬರ್ 7ರ ಬೆಳಿಗ್ಗೆ, ಹಮಾಸ್ ಗಡಿ ದಾಟಿ ದಾಳಿ ಮಾಡಿತು. ಸುಮಾರು 1,200 ಜನ ಸತ್ತರು. ವಿವಿಯನ್ ಕೂಡ ತಮ್ಮ ಮನೆಯಲ್ಲೇ ಕೊಲೆಯಾದರು. ಆಗ ಅವರಿಗೆ ಎಪ್ಪತ್ತನಾಲ್ಕು. ಒತ್ತೆಯಾಳಾಗಿದ್ದಾರೆಂದು ಮನೆಯವರು ಒಂದು ತಿಂಗಳಿಗೂ ಹೆಚ್ಚು ಕಾಲ ಕಾದ ಮೇಲೆ ಗುರುತು ಪತ್ತೆಯಾಯಿತು.

'ನೋಡಿದಿರಾ, ಒಳ್ಳೆಯತನಕ್ಕೆ ಸಿಕ್ಕ ಫಲ' ಎಂದು ಹೇಳುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೆ ಅವರ ಮಕ್ಕಳೇ ಸೇಡು ಬೇಡ, ಶಾಂತಿ ಬೇಕು ಎಂದರು. ಆ ತಿಂಗಳೇ ಅಮೆರಿಕದಲ್ಲಿ ನೂರಾರು ಯಹೂದಿಗಳು 'ನಮ್ಮ ಹೆಸರಿನಲ್ಲಿ ಬೇಡ' ಎಂದು ಸಾರುತ್ತ ವಾಷಿಂಗ್ಟನ್ನಿನ ಸಂಸತ್ತಿನ ಕಟ್ಟಡದಲ್ಲಿ, ನ್ಯೂಯಾರ್ಕಿನ ದೊಡ್ಡ ರೈಲು ನಿಲ್ದಾಣದಲ್ಲಿ ಕುಳಿತು ಬಂಧನಕ್ಕೊಳಗಾದರು. ಗಾಜಾದ ಮೇಲಿನ ಯುದ್ಧ ನಿಲ್ಲಲಿಲ್ಲ. 2025ರ ಜುಲೈ ಕೊನೆಯ ಹೊತ್ತಿಗೆ ಅಲ್ಲಿ ಸತ್ತವರ ಸಂಖ್ಯೆ 60,000 ದಾಟಿತೆಂದು ಗಾಜಾದ ಆರೋಗ್ಯ ಇಲಾಖೆ ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕದನವಿರಾಮವಾಗುವಷ್ಟರಲ್ಲಿ ಊರಿಗೆ ಊರೇ ಕಲ್ಲುಮಣ್ಣಿನ ಗುಡ್ಡೆಯಾಗಿತ್ತು.

ಹಾಗಾದರೆ ಇವರೆಲ್ಲ ಸಾಧಿಸಿದ್ದೇನು ಎಂದು ನೀವು ಕೇಳಬಹುದು. ಯುದ್ಧ ನಿಲ್ಲಿಸಿದರೆಂದು ನಾನು ಸುಳ್ಳು ಹೇಳಲಾರೆ. ಆದರೆ ಜೆರುಸಲೇಮಿನ ಆ ಕಪ್ಪುಡುಗೆ ಅಲ್ಲಿಯೇ ಉಳಿಯಲಿಲ್ಲ. 1991ರಲ್ಲಿ ಯುಗೊಸ್ಲಾವಿಯ ಒಡೆದು ರಕ್ತ ಹರಿಯುತ್ತಿದ್ದಾಗ ಬೆಲ್‌ಗ್ರೇಡಿನ ಹೆಂಗಸರು ತಮ್ಮದೇ ಸರ್ಕಾರದ ಯುದ್ಧವನ್ನು ವಿರೋಧಿಸಿ ಕಪ್ಪುಟ್ಟು ನಿಂತರು. ಬಾಬರಿ ಮಸೀದಿ ಕೆಡವಿದ ನಂತರದ ಆ ಕೆಟ್ಟ ದಿನಗಳು ನಿಮಗೆ ನೆನಪಿರಬೇಕು. 1993ರಲ್ಲಿ ನಮ್ಮ ಬೆಂಗಳೂರಿನಲ್ಲೇ 'ವಿಮೋಚನಾ' ಸಂಘಟನೆಯ ಹೆಂಗಸರು ಮುಂದಾಗಿ ಹೀಗೆ ಕಪ್ಪುಟ್ಟು ರಸ್ತೆ ಬದಿಯಲ್ಲಿ ಮೌನವಾಗಿ ನಿಲ್ಲತೊಡಗಿದರು. ಕೋಮು ಹಿಂಸೆಗಾಗಿ ನಿಂತವರು ವರದಕ್ಷಿಣೆಗೆ ಸುಟ್ಟುಹೋದ ಹೆಣ್ಣುಮಕ್ಕಳಿಗಾಗಿಯೂ ನಿಂತರು. ಜೆರುಸಲೇಮಿನ ಯಹೂದಿ ಹೆಂಗಸರು ಪ್ಯಾಲೆಸ್ಟೀನಿಯರಿಗಾಗಿ ಹೂಡಿದ ಒಂದು ರೀತಿ, ನಮ್ಮೂರ ಸೊಸೆಯಂದಿರ ಸಾವಿಗೆ ದನಿಯಾಯಿತು. ಯಾರು ಯಾರಿಗಾಗಿ ನಿಂತದ್ದು ಎಲ್ಲಿಗೆ ತಲುಪುತ್ತದೆಂದು ನಿಂತವರಿಗೂ ತಿಳಿದಿರುವುದಿಲ್ಲ.

ಶತ್ರುವಿನ ತಪ್ಪನ್ನು ತೋರಿಸಲು ಹೆಚ್ಚಿನ ಧೈರ್ಯ ಬೇಡ, ಊರೇ ಚಪ್ಪಾಳೆ ತಟ್ಟುತ್ತದೆ. ನಮ್ಮವರು ಎನ್ನಿಸಿಕೊಂಡವರು ತಪ್ಪು ಮಾಡಿದಾಗ, ಅದು ಮನೆಯಲ್ಲಿರಲಿ, ಜಾತಿಯಲ್ಲಿರಲಿ, ದೇಶದಲ್ಲಿರಲಿ, ಹಬ್ಬದ ಕೆಲಸ ಬಿಟ್ಟು ಬಂದು ಒಂದು ಗಂಟೆ ಬೈಗುಳ ತಿಂದು ನಿಲ್ಲುವುದು ಕಷ್ಟ. ಕಥೆ ಮುಗಿದ ಮೇಲೆ ಆ ಹುಡುಗಿ, "ಇದು ಪರೀಕ್ಷೆಗೆ ಬರುತ್ತಾ ಟೀಚರ್?" ಎಂದು ಕೇಳಿದಳು. ತರಗತಿ ನಕ್ಕಿತು, ನಾನೂ ನಕ್ಕೆ. ಪ್ರಶ್ನೆಪತ್ರಿಕೆಯಲ್ಲಿ ಬರುವುದಿಲ್ಲ ಎಂದೆ. ಆದರೆ ಇವತ್ತಲ್ಲ ನಾಳೆ, ಗಂಡನ ಮನೆಯಲ್ಲೋ ಕಚೇರಿಯಲ್ಲೋ ಬೀದಿಯಲ್ಲೋ, ಪ್ರತಿಯೊಬ್ಬರಿಗೂ ಬರುತ್ತದೆ ಎಂದೂ ಹೇಳಿದೆ.